ಸಾಕು

ಐದು ವರ್ಷ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು ಬೈದೆ.
ಒಣಹಾಕಿದ ಪಂಚೆಯ ಮೇಲೆ ಕರಿಬೂದಿ ಬಿದ್ದಾಗಲೆಲ್ಲ
ಇದೇ ನೋಡು ನನ್ನೆದೆಯಲ್ಲಿ ಕೂತಿರೋದು, ಎಂದೆ.
ಕಬ್ಬು ಅರೆಯದ ತಿಂಗಳಲ್ಲೂ ಸೀನಿದೆ.
ಆಗಲಾದರೂ ಹೊಳೆಯಬೇಕಿತ್ತು.

ಮೈಸೂರಿನ ಡಾಕ್ಟರಮ್ಮ ಮುಂಗೈ ಚಾಚಿಸಿ
ಸಾಲಾಗಿ ಹನ್ನೆರಡು ಹನಿ ಇಟ್ಟರು, ಹನಿಗೊಂದು ಚುಚ್ಚು,
ರಂಗೋಲಿಗೆ ಮೊದಲಿಡುವ ಚುಕ್ಕಿಯ ಹಾಗೆ.
ಧೂಳು ಸುಮ್ಮನಿತ್ತು. ಜಿರಳೆ ಸುಮ್ಮನಿತ್ತು.
ಪಾರ್ಥೇನಿಯಂ ಕೂಡ ನನ್ನನ್ನು ಕ್ಷಮಿಸಿತ್ತು.
ಒಂಬತ್ತನೆಯದು ಮಾತ್ರ
ಪುಟ್ಟದೊಂದು ತಟ್ಟೆ ಇಡ್ಲಿಯಂತೆ ಉಬ್ಬಿ ಕೂತಿತು.
"ನಾಯಿ," ಅಂದರು. "ಮನೆಯಲ್ಲಿದೆಯಾ?"

ಇದೆ. ಅಚ್ಚು.
ಅಚ್ಚುಬೆಲ್ಲದ ಬಣ್ಣ, ಒಂದು ಕಿವಿ ಮಡಚಿದ್ದು.
ಕೆರಗೋಡಿನಿಂದ, ಸುಟ್ಟ ಪಂಪ್‌ಸೆಟ್ಟಿನ ಮೇಲೆ ಕೂತು,
ಗೂಡ್ಸ್ ಆಟೋದಲ್ಲಿ ನೂರಡಿ ರಸ್ತೆಯ ನನ್ನ ಅಂಗಡಿಗೆ ಬಂತು.
ಕಾಯಿಲ್ ಸುತ್ತಿ, ವಾರ್ನಿಷ್ ಒಣಗಿಸಿ, ಮೋಟಾರನ್ನು ಕಳಿಸಿದೆ.
ಇದನ್ನು ಕೇಳಿಕೊಂಡು ಯಾರೂ ಬರಲಿಲ್ಲ.

"ಕೂದಲಷ್ಟೇ ಅಲ್ಲ, ಅದರ ಎಂಜಲು, ಚರ್ಮದ ಹೊಟ್ಟು.
ಯಾರಿಗಾದರೂ ಕೊಟ್ಟುಬಿಡಿ. ಇಷ್ಟು ದಿನ ಇಟ್ಟುಕೊಂಡದ್ದು ಸಾಕು."

ಮಂಡ್ಯದ ರೈಲಿನಲ್ಲಿ, ಬಾಗಿಲ ಬಳಿ ನಿಂತು
ಆ ಪದವನ್ನೇ ತಿರುಗಿಸಿ ತಿರುಗಿಸಿ ನೋಡಿದೆ.
ನಮ್ಮ ಭಾಷೆಗೆ ಏನು ಜಿಪುಣತನವೋ:
ಮುಗಿಸು ಅನ್ನುವುದಕ್ಕೂ ಅದೇ, ಅನ್ನ ಹಾಕು ಅನ್ನುವುದಕ್ಕೂ ಅದೇ.
ಎಲೆಯ ಮೇಲೆ ಅಡ್ಡ ಹಿಡಿದ ಕೈಯೂ ಸಾಕು,
ತೊಟ್ಟಿಲ ಪಕ್ಕ ನಿದ್ದೆಗೆಟ್ಟ ಕಣ್ಣೂ ಸಾಕು.

ಹಿಟ್ಟು ತೊಳಸುತ್ತಲೇ ಪ್ರಮೀಳಾ ಕೇಳಿಸಿಕೊಂಡಳು.
"ಡಾಕ್ಟ್ರೇ ಸಾಕು ಅಂದವ್ರಲ್ಲ,
ಇನ್ನೇನು, ಸಾಕಾನ ಬುಡಿ."

ಸ್ಟಾರ್ಟರಿನ ರಿಲೇ ಅತಿ ಸೂಕ್ಷ್ಮವಾದರೆ
ತಂತಿಯ ಮೇಲೆ ಗುಬ್ಬಿ ಕೂತರೂ ಟ್ರಿಪ್ ಆಗುತ್ತದೆ.
ಅದಕ್ಕೆಂದು ಬೋರ್‌ವೆಲ್ ಮುಚ್ಚಿಸುವವರುಂಟೆ?
ಸ್ಕ್ರೂ ಒಂದಿಷ್ಟು ತಿರುಗಿಸಬೇಕು, ಮತ್ತೆ ನೋಡಬೇಕು.

ತಿರುಗಿಸುತ್ತಿದ್ದೇವೆ.
ಮಲಗುವ ಕೋಣೆಯ ಹೊಸ್ತಿಲು ಗಡಿ.
ಗದ್ದ ಇಡಬಹುದು, ಕಾಲಿಡುವಂತಿಲ್ಲ.
ಪೊರಕೆ ಅಟ್ಟ ಹತ್ತಿತು, ಒದ್ದೆ ಬಟ್ಟೆ ಕೆಳಗಿಳಿಯಿತು.
ಭಾನುವಾರ ಹಿತ್ತಲಲ್ಲಿ ಪ್ರಮೀಳಾ ಮೀಯಿಸುತ್ತಾಳೆ,
ನಾನು ಕಾಂಪೌಂಡಿನಾಚೆ ನಿಂತು
ಕಿವಿಗೆ ನೀರು ಹೋದೀತು ಎಂದು ಕೂಗುತ್ತೇನೆ.
ರಾತ್ರಿಗೊಂದು ಬಿಳಿ ಮಾತ್ರೆ,
ಕೆಟ್ಟ ದಿನಗಳಲ್ಲಿ ನೀಲಿ ಪಂಪು.
ತಾಲ್ಲೂಕಿನ ಪಂಪುಗಳನ್ನೆಲ್ಲ ರಿಪೇರಿ ಮಾಡಿದವನಿಗೆ
ಕೊನೆಗೆ ಅಂಗೈಯಗಲದ ಪಂಪೇ ಗತಿ!

ಎಲ್ಲ ದಿನವೂ ಗೆಲುವಲ್ಲ.
ಕಳೆದ ಮಾಗಿಯಲ್ಲಿ ಮೂರು ರಾತ್ರಿ ಕೂತೇ ನಿದ್ರಿಸಿದೆ.
ನಾಲ್ಕನೆಯ ಬೆಳಗಿನ ಜಾವ, ಸಿಟ್ಟಿನಲ್ಲಿ,
ಅಂಗಡಿಯ ಪುಸ್ತಕ ತೆರೆದು ಕೆರಗೋಡಿನ ನಂಬರು ಹುಡುಕಿದೆ.
ಹೆಸರಿತ್ತು. ಪಕ್ಕದಲ್ಲಿ ಬಾಕಿ ನಾನೂರು ರೂಪಾಯಿಯೂ ಇತ್ತು.
ಫೋನ್ ಮಾಡಲಿಲ್ಲ.
ಬಾಕಿ ತೀರಿಸಲು ಬಂದರೆ
ನಾಯಿಯನ್ನೂ ನೆನಪಿಸಿಕೊಂಡಾನು.

ಸಂಜೆ ಅಂಗಡಿ ಮುಚ್ಚುವ ಮುಂಚೆ ಒಂದೈದು ನಿಮಿಷ.
ಕಾಯಿಲ್ ಒತ್ತಲು ಇಟ್ಟುಕೊಂಡ ಬಿದಿರು ಪಟ್ಟಿಯ ತುದಿಯಿಂದ
ಮಡಚಿದ ಕಿವಿಯ ಹಿಂದೆ ಕೆರೆಯುತ್ತೇನೆ.
ಬಿದಿರಿನಗುಂಟ ನಡುಕವೊಂದು ಬೆರಳಿಗೆ ಬರುತ್ತದೆ,
ಸರಿಯಾಗಿ ಸುತ್ತಿದ ಮೋಟಾರು ಮೊದಲ ಸಲ ತಿರುಗಿದಾಗ ಬರುವಂಥದು.

ಸೀನುತ್ತೇನೆ.
ಅಚ್ಚು ಎದ್ದು, ಒಂದು ಮೊಳ ಹಿಂದೆ ಸರಿದು,
ಮತ್ತೆ ಕೂರುತ್ತದೆ.