ಹದಿನೇಳನೇ ಸ್ಥಾನ

ಒಕುಡಾ ಅವರ ಕಾರಿನ ಹಿಂದಿನ ಸೀಟಿನಲ್ಲಿ
ಒಂದು ಕಿತ್ತಳೆ ಉಣ್ಣೆಶಾಲು ಸದಾ ಮಡಿಸಿಕೊಂಡು ಕೂತಿರುತ್ತದೆ.
ನರಸಾಪುರದ ಬಿಸಿಲಿಗೆ ಇದೇಕೆಂದು ಮೊದಲ ತಿಂಗಳು ಕೇಳಲಿಲ್ಲ.
ಡ್ರೈವರು ಕೇಳಬಾರದ ಪ್ರಶ್ನೆಗಳಿರುತ್ತವೆ.

ಶನಿವಾರ ನಮ್ಮ ಹತ್ತೂವರೆ ಅಲ್ಲಿ ಮಧ್ಯಾಹ್ನ ಎರಡು.
ವೇಮಗಲ್ ದಾರಿಯ ಹುಣಸೆಮರದ ಕೆಳಗೆ
"ನಿಲ್ಲಿಸು" ಅಂತಾರೆ. ಶಾಲು ಹೆಗಲಿಗೆ.
ಮೊಬೈಲನ್ನು ಡ್ಯಾಶ್‌ಬೋರ್ಡಿಗೆ ಒರಗಿಸಿ
ತೊಂಬತ್ತು ನಿಮಿಷ ಉಸಿರು ಬಿಗಿಹಿಡಿದು ನೋಡುವುದು
ಸೋಲನ್ನು.
ಒಂದೊಂದು ಸಲ ಸಮ.

ಅವರ ಕಾಲು ಕನ್ನಡ, ನನ್ನ ಅರೆ ಇಂಗ್ಲಿಷು,
ಉಳಿದದ್ದು ಕೈಸನ್ನೆ. ಅದರಲ್ಲೇ ತಿಳಿದ ಕಥೆ:
ಹಡಗುಕಟ್ಟೆಯ ವೆಲ್ಡರುಗಳು
ಊಟದ ಬಿಡುವಿನಲ್ಲಿ ಒದೆಯಲು ಶುರುಮಾಡಿದ ಚೆಂಡು.
ಕಂಪನಿ ಜೆರ್ಸಿ ಕೊಟ್ಟಿತು, ಎದೆಯ ಮೇಲೆ ತನ್ನ ಹೆಸರು ಬರೆಸಿತು.
ವೃತ್ತಿಪರ ಲೀಗು ಬಂದಾಗ
ಆ ಹೆಸರು ತೆಗೆಯಿರಿ, ಊರ ಹೆಸರಿಡಿ ಎಂದರು.
ಒಂದೇ ಒಂದು ವರ್ಷ ಮೊದಲ ದರ್ಜೆ:
ಮೂವತ್ತನಾಲ್ಕು ಪಂದ್ಯ, ಐದು ಗೆಲುವು.
ಐದನ್ನೂ ಹೇಳುತ್ತಾರೆ. ಯಾವ ತಾರೀಕು, ಮಳೆಯೋ ಬಿಸಿಲೋ,
ಯಾರ ಎಡಗಾಲು, ಯಾರ ತಲೆ,
ನಮ್ಮಜ್ಜಿ ತನ್ನ ಹೆರಿಗೆಗಳನ್ನು ಹೇಳುತ್ತಿದ್ದ ಹಾಗೆ.

ಆಮೇಲೆ ಇಳಿದರು. ಇನ್ನೂ ಇಳಿದರು.
ಇಳಿಯುವುದನ್ನು ನನಗೆ ಬಿಡಿಸಿ ಹೇಳಬೇಕಾಗಿಲ್ಲ,
ನಾನು ಚಾಂಪಿಯನ್ ರೀಫಿನವನು.

ನಮ್ಮಪ್ಪ ಗಂಗುಲಪ್ಪ ಗಣಿಗೆ ಇಳಿದವನಲ್ಲ.
ರಾಬರ್ಟ್‌ಸನ್‌ಪೇಟೆಯಲ್ಲಿ, ಗಡಿಯಾರದಂಗಡಿಯ ಪಕ್ಕ
ಗಣಿ ಟೀಮಿನ ಚೆಂಡು ಹೊಲಿಯುತ್ತಿದ್ದ.
ಮೇಣ ಹಚ್ಚಿದ ದಾರ ಹಲ್ಲಲ್ಲಿ,
ಬ್ಲ್ಯಾಡರಿಗೆ ಬಾಯಿಂದಲೇ ಗಾಳಿ.
ಗೋಲಿ ಸೆಲ್ವನಾಥನ್ ಶಿಫ್ಟು ಮುಗಿಸಿ
ಕಿವಿಯೊಳಗೆ ಕಲ್ಲುಪುಡಿ ಇರುವಾಗಲೇ ಬಂದು
ಒತ್ತಿ ನೋಡಿ, "ಗಂಗುಲು, ಇದು ಕಲ್ಲಂಗಡಿ" ಎಂದರೆ
ಅಪ್ಪ ಪೂರ್ತಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ,
ಕಾಸು ಕೇಳದೆ.

ಗಣಿ ಮುಚ್ಚಿದ ವರ್ಷ
ಟೀಮು ಮುಚ್ಚಿತೆಂದು ಯಾರೂ ನೋಟೀಸು ಅಂಟಿಸಲಿಲ್ಲ.
ಮುಂದಿನ ಭಾನುವಾರ ಹನ್ನೊಂದರಲ್ಲಿ ಏಳು ಜನ ಬಂದರು.
ಅದರ ಮುಂದಿನದಕ್ಕೆ ನಾಲ್ಕು.
ಮೂರು ಚೆಂಡು ನಮ್ಮಂಗಡಿಯಲ್ಲೇ ಉಳಿದವು,
ಆಯುಧಪೂಜೆಗೆ ಅಪ್ಪ ಎಣ್ಣೆ ಸವರಿ ಕುಂಕುಮ ಇಡುತ್ತಿದ್ದ.

ಒಕುಡಾ ಅವರ ಹಡಗುಕಟ್ಟೆಯೂ ಮುಚ್ಚಿತಂತೆ.
ಮೀನುಪೇಟೆಯಲ್ಲಿ, ಊರ ಸ್ನಾನದಮನೆಯಲ್ಲಿ, ಶಾಲೆಯ ಬಾಗಿಲಲ್ಲಿ
ಕ್ಲಬ್ಬಿನ ಹೆಸರಲ್ಲಿ ಡಬ್ಬಿ ಇಟ್ಟರಂತೆ.
ಅವರ ತಾಯಿ ಹಲ್ಲುಸೆಟ್ಟಿಗೆ ಕೂಡಿಟ್ಟದ್ದನ್ನು ಹಾಕಿದರಂತೆ.
ಕ್ಲಬ್ಬು ಉಳಿಯಿತು, ತಾಯಿ ಗಂಜಿಯಲ್ಲೇ ಉಳಿದರು.
ಹೇಳಿ ನಕ್ಕರು. ನಾನೂ ನಕ್ಕೆ.
ಮಾಲೂರು ಕ್ರಾಸು ದಾಟುವವರೆಗೆ ನನಗೆ ಸಿಟ್ಟು,
ಯಾರ ಮೇಲೆಂದು ಗೊತ್ತಿಲ್ಲ.
ನಾವೂ ಡಬ್ಬಿ ಇಡಬಹುದಿತ್ತು.
ಆ ವರ್ಷ ಅಕ್ಕಿಡಬ್ಬಿಯೇ ಬೋರಲು ಬಿದ್ದಿತ್ತಲ್ಲ ಸ್ವಾಮಿ.

ಒಂದು ಭಾನುವಾರ ಕರೆದುಕೊಂಡು ಹೋಗಿ ತೋರಿಸಿದೆ:
ಸೈನೈಡ್ ದಿಬ್ಬ, ಅದರ ಬುಡದ ಮೈದಾನ,
ಇಟ್ಟಿಗೆ ಇಟ್ಟುಕೊಂಡು ಆಡುವ ಹುಡುಗರು.
"ಇದು ಯಾವ ದರ್ಜೆ?" ಅಂದರು, ತಮಾಷೆಗಲ್ಲ.
ಒಂದೊಂದೇ ಬೆರಳು ಮಡಿಸುತ್ತ ಹೋದೆ.
ಬೆರಳು ಮುಗಿದವು.

ಸೀಸನ್ನಿನ ಕೊನೆಯ ಪಂದ್ಯ ಸೊನ್ನೆ-ಸೊನ್ನೆ.
ಮೂರನೇ ದರ್ಜೆಯಲ್ಲಿ ಹದಿನೇಳನೇ ಸ್ಥಾನ.
ಪರದೆಯೊಳಗೆ ಆಟಗಾರರು ಸಾಲಾಗಿ ನಿಂತು
ತಮ್ಮ ಜನಕ್ಕೆ ಸೊಂಟ ಬಾಗಿಸಿದರು.
ಒಕುಡಾ ಕಾರಿಂದಿಳಿದು
ಟೊಮೆಟೊ ಲಾರಿಗಳ ಧೂಳಿನಲ್ಲಿ
ಮೊಬೈಲಿಗೆ ಎದುರಾಗಿ ಬಾಗಿದರು.
"ಗೆದ್ದರಾ ಸಾರ್?"
"ಇಲ್ಲ. ಇದ್ದಾರೆ."

ಅವತ್ತು ರಾತ್ರಿ ಅಟ್ಟದಿಂದ ಚೆಂಡು ಇಳಿಸಿದೆ.
ಒಳಗಿನ ಬ್ಲ್ಯಾಡರು ಹಪ್ಪಳ, ಬೇರೆ ಹಾಕಿಸಿದೆ.
ಬೆಳಿಗ್ಗೆ ಮೈದಾನದ ಹುಡುಗನೊಬ್ಬ ಒತ್ತಿ ನೋಡಿ
"ಏನು ಅಂಕಲ್, ಇದು ಕಲ್ಲಂಗಡಿ" ಅಂದ.

ವಾಪಸ್ಸು ತಂದಿದ್ದೇನೆ.
ಅಪ್ಪನ ಸೂಜಿ ಎಲ್ಲಿಟ್ಟರೋ ಹುಡುಕಬೇಕು.