ಜವಳಿ

ರಥಬೀದಿಯ ಜವಳಿ ಅಂಗಡಿಯಲ್ಲಿ
ಹದಿನಾರು ವರ್ಷ ಅಳೆದವಳು ನಾನು.
ಪಾಪ್ಲಿನ್, ಮಲ್ಲು, ಲಂಗದ ಬಟ್ಟೆ, ಅಸ್ತರು,
ಮೀಟರಿಗೆ ಒಂದು ಬೆರಳು ಹೆಚ್ಚೇ ಬಿಟ್ಟು.

ಮೂವತ್ತೆಂಟಕ್ಕೆ, ಕಂಕನಾಡಿಯ ಸ್ಕ್ಯಾನಿಂಗ್ ಕೋಣೆಯಲ್ಲಿ
ಹೊಟ್ಟೆಗೆ ತಣ್ಣನೆ ಅಂಟು ಸವರಿ
ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು:
“ಎರಡು ಉಂಟು.”
ಅಭ್ಯಾಸಬಲ. ಎರಡು ತುಂಡೋ, ಎರಡು ತಾನೋ
ಎಂದು ಕೇಳುವುದರಲ್ಲಿದ್ದೆ.

ಇಪ್ಪತ್ತೇಳನೇ ನಂಬರಿನ ಬಸ್ಸಿಗಿಂತ ಮೊದಲು
ಸುದ್ದಿ ಬೋಳಾರ ಮುಟ್ಟಿತ್ತು.
“ಮದುವೆಮನೆಯಲ್ಲಿ ಜೋಡಿ ಕದಳಿ ತಿಂದದ್ದು ಇವಳೇ,
ಸಿಪ್ಪೆ ಒಂದು, ಹಣ್ಣು ಎರಡು, ನನ್ನ ಕಣ್ಣೆದುರೇ,”
ಅತ್ತೆ ಬೀದಿಗೆಲ್ಲ ಸಾಕ್ಷಿ ಹೇಳಿದರು.
“ನಮ್ಮ ಕುಟುಂಬದಲ್ಲಿ ಅದು ಉಂಟು,” ಎಂದರು ಚಿಕ್ಕಮಾವ.
ಯಾರಿಗೆ ಎಂದು ಕೆದಕಿದರೆ
ಅವರ ಷಡ್ಡಕನ ಎಮ್ಮೆಗೆ.
ಶೆಣೈ ಮಾಮ್ ಗಲ್ಲೆಯ ಹಿಂದಿನಿಂದ ನಕ್ಕರು:
“ಜವಳಿ ಅಂಗಡಿಯವಳಿಗೆ ಜವಳಿ ಆಗದೆ
ಇನ್ನೆಂತ ಆಗ್ತದೆ, ಸುಗಂಧಿ?”
ಲೋಹಿತ ಮಾತ್ರ ಏನೂ ಅನ್ನದೆ
ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ
ಹಾಲಿನ ಲೆಕ್ಕ ಬರೆದ, ಅಳಿಸಿದ, ಮತ್ತೆ ಬರೆದ.

ಡಾಕ್ಟರಮ್ಮ ಬಾಳೆಹಣ್ಣಿಗೆ ನಗಲಿಲ್ಲ.
ಮೂವತ್ತೈದು ದಾಟಿದ ಮೇಲೆ ದೇಹಕ್ಕೆ ಅವಸರವಂತೆ:
ಶಟರು ಎಳೆಯುವ ಹೊತ್ತಿಗೆ ಬಂದ ಗಿರಾಕಿಗೆ
ಕೇಳಿದ್ದು ಒಂದಾದರೂ ನಾವು ಎರಡು ಬಿಡಿಸಿ ತೋರಿಸುವ ಹಾಗೆ.
ಆ ಐದು ದಿನದ ಮಾತ್ರೆಯೂ ಇರಬಹುದು.
ಎತ್ತರದವರಿಗೆ ತುಸು ಹೆಚ್ಚು ಎನ್ನುತ್ತ
ನನ್ನನ್ನು ಕಣ್ಣಲ್ಲೇ ಅಳೆದರು,
ಮೇಲಿನ ಕಪಾಟಿಗೆ ಸ್ಟೂಲು ಬೇಡದವಳನ್ನು.
“ಒಂದೇ ಎರಡಾಗಿ ಒಡೆದರೆ ಅದಕ್ಕೆ ಕಾರಣ ನಮಗೂ ಗೊತ್ತಿಲ್ಲ.
ಇದು ಬಹುಶಃ ಹಾಗಲ್ಲ.”
ಅಂದರೆ ಒಂದೇ ತಾನಿನಿಂದ ಹರಿದದ್ದಲ್ಲ,
ಬೇರೆ ಬೇರೆ ತಾನು,
ಒಂದೇ ಕೈಚೀಲದಲ್ಲಿ ಮನೆಗೆ ಹೊರಟದ್ದು.

“ಗಂಡನ ಕಡೆಯದು ಇದರಲ್ಲಿ ಲೆಕ್ಕಕ್ಕಿಲ್ಲ.
ನಿಮ್ಮ ತಾಯಿ ಕಡೆ ಯಾರಾದರೂ?”
“ಇಲ್ಲ,” ಎಂದೆ.
ಅಷ್ಟು ಬೇಗ ಹೇಳಬಾರದಿತ್ತು.

ಉಳ್ಳಾಲದಲ್ಲಿ ಅಮ್ಮ ಹಿತ್ತಲ ಕಲ್ಲಿನ ಮೇಲೆ
ಬೂತಾಯಿ ತೊಳೆಯುತ್ತಿದ್ದಳು,
ಒಂದು ತಲೆ ಬೆಕ್ಕಿಗೆ, ಒಂದು ಕಾಗೆಗೆ.
ಡಾಕ್ಟರು ಕೇಳಿದ್ದನ್ನು ಹೇಳಿದೆ.
ಮೀನು ಕೈಯಲ್ಲೇ ನಿಂತಿತು.
“ನಾನು ಒಬ್ಬಳೇ ಬಂದದ್ದಲ್ಲ,” ಎಂದಳು, ನೀರಿಗೆ ಹೇಳಿದಂತೆ.
“ನನ್ನ ಹಿಂದೆಯೇ ಇನ್ನೊಬ್ಬಳು. ಮೂರು ದಿನ ಇದ್ದಳಂತೆ.
ಜೀಗುಜ್ಜೆ ಮರದ ಬುಡದಲ್ಲಿ. ಆ ಮರದ ಕಾಯಿಯನ್ನು
ನನ್ನಮ್ಮ ಜೀವ ಇರುವವರೆಗೆ ಬಾಯಿಗೆ ಇಡಲಿಲ್ಲ.
ಹಾಲೆಲ್ಲ ನಾನೇ ಕುಡಿದು ಮುಗಿಸಿದೆ ಅಂತ
ಚಿಕ್ಕಮ್ಮ ಒಮ್ಮೆ ಜಗಳದಲ್ಲಿ ಅಂದದ್ದು.
ಆಗ ನನಗೆ ಹನ್ನೊಂದು.”

ಹೆಸರು?
“ಮೂರು ದಿನಕ್ಕೆ ಯಾರು ಹೆಸರಿಡ್ತಾರೆ, ಮಾರಾಯ್ತಿ.”

ಚಾಪೆಯ ಒಂದೇ ಅಂಚಿಗೆ ಮಲಗುತ್ತಾಳೆ ಅಮ್ಮ,
ಮಗ್ಗುಲಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು.
ಅಪ್ಪ ಹೋದ ಮೇಲೆ ಹತ್ತಿದ ಅಭ್ಯಾಸ
ಎಂದೇ ನಾನು ತಿಳಿದಿದ್ದೆ.

ಹೊರಡುವಾಗ ಕೈ ಒರೆಸಿಕೊಳ್ಳುತ್ತ ಗೇಟಿನ ತನಕ ಬಂದಳು.
“ನಿಮ್ಮ ಅಂಗಡಿಯಲ್ಲಿ ಮಲ್ಲು ಬಟ್ಟೆ ಉಂಟಲ್ಲ, ಮೆತ್ತಗಿನದ್ದು.
ಮೂರು ತುಂಡು ತಾ.”

ಮರುದಿನ ಅಳೆದೆ, ಕತ್ತರಿ ಹಾಕಿದೆ,
ಅಂಚು ಕೂಡಿಸಿ ಮಡಚಿದೆ.
ಶೆಣೈ ಮಾಮ್ ಬಿಲ್ಲು ಬರೆಯುತ್ತ ಪೆನ್ನು ಎತ್ತಿದರು,
“ಎರಡಲ್ವಾ?”
“ಹೌದು, ಎರಡು,” ಎಂದೆ.
ಮೂರರ ಹಣ ಕೊಟ್ಟೆ.