ಹೆಸರಿನ ತೂಕ

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು, ಎಂದಿನ ಹಾಗೆ.
ಗೂಡ್ಸು ದಾಟುವ ತನಕ ಎಣಿಸಿದೆ: ಐವತ್ತೆಂಟು ಡಬ್ಬಿ.
ಎಣಿಸುವುದೇ ಈಗ ನನ್ನ ಕೆಲಸ.
ಒಂದು ವಸ್ತು ಹುಟ್ಟಿ ಸಾಯುವುದರೊಳಗೆ
ಎಷ್ಟು ನೀರು ಕುಡಿಯಿತು, ಎಷ್ಟು ಕರೆಂಟು ತಿಂದಿತು,
ಎಷ್ಟು ಹೊಗೆ ಬಿಟ್ಟಿತು,
ಜಾತಕದ ಹಾಗೆ ಮನೆಮನೆ ಎಳೆದ ಹಾಳೆಯಲ್ಲಿ ತುಂಬಬೇಕು.

ಗೌಸ್‌ಪೀರನ ಅಂಗಡಿ ಹಗೇವಿನಷ್ಟು ಇಕ್ಕಟ್ಟು.
ಬಿಳಿ ಅಂಗಿ, ಬಿಳಿ ದಿಂಬಿನ ಗವಸು, ಬಿಳಿ ಪಿಂಗಾಣಿ ಲೋಟ
ಯಾರದಾದರೂ ಆಗಲು ಕಾದು ಕೂತಿವೆ.
ಫೋನಿಗೆ ಬರುತ್ತದೆ ಬೇಡಿಕೆ:
ಮೊಮ್ಮಗನ ಮುಖ, ಕಬಡ್ಡಿ ತಂಡದ ಹುಲಿ, 'ನನ್ನ ಬಂಗಾರಿಗೆ'.
ಯಂತ್ರ ಬಾಯಿ ಮುಚ್ಚುತ್ತದೆ. ನೂರ ತೊಂಬತ್ತು ಡಿಗ್ರಿ, ಮೂರು ನಿಮಿಷ.
ತೆರೆದರೆ
ಅದು ಇನ್ನು ಬೇರೆ ಯಾರದೂ ಅಲ್ಲ.

"ನೋಡ್ರಿ ಮೇಡಂ, ಕೇಳಿದ ಮ್ಯಾಲೇ ಮಾಡೋದು.
ಗೋಡೌನಿಲ್ಲ, ಉಳಿಕೆಯಿಲ್ಲ.
ನಮ್ಮಪ್ಪ ಮಿಲ್ಲಿನಾಗ ಇದ್ದಾಗ
ಮಾರದ ಥಾನು ಸೂರು ಮುಟ್ಟತಿದ್ವು. ಇಲಿ ತಿಂದ್ವು."
ನಿಜ. ಅದನ್ನೂ ಬರೆದುಕೊಂಡೆ,
ಅವನ ಪರವಾಗಿ ಒಂದು ಅಂಕಿ.

ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಗಳು. ಒಳಗೆ ಇನ್ನೂರು ಲೋಟ:
ಮರುಳಸಿದ್ಧ, ನಾಗವೇಣಿ, ನಡುವೆ ಕೆಂಪು ಹೃದಯ,
ಕೆಳಗೆ ಮಾಘದ ಒಂದು ತಾರೀಖು.
ಮದುವೆ ನಿಂತುಹೋಯಿತಂತೆ.
ಯಾಕೆ ಎಂಬುದಕ್ಕೆ ನನ್ನ ಹಾಳೆಯಲ್ಲಿ ಮನೆಯಿಲ್ಲ.

ತಕ್ಕಡಿ ತೆಗೆದೆ.
ಬರೀ ಲೋಟ, ಮುನ್ನೂರ ಇಪ್ಪತ್ತು ಗ್ರಾಂ.
ಹೆಸರು ಬಿದ್ದ ಲೋಟ, ಮುನ್ನೂರ ಇಪ್ಪತ್ತು ಗ್ರಾಂ.
ಒರೆಸಿ ಮತ್ತೆ ಇಟ್ಟೆ. ಅಂಕಿ ಅಲುಗಲಿಲ್ಲ.
ತಕ್ಕಡಿಗೂ ಸಿಗದ ಆ ಎರಡು ಹೆಸರು
ಅರವತ್ತನಾಲ್ಕು ಕಿಲೋ ಪಿಂಗಾಣಿಯನ್ನು ಕಸ ಮಾಡಿವೆ,
ಮತ್ತೆ ಮಣ್ಣಾಗದ ಮಣ್ಣು.

"ಉಜ್ಜಿದರೆ ಹೋಗುವುದಿಲ್ಲವೇ?"
"ಹೋಗಂಗಿಲ್ರೀ, ಗ್ಯಾರಂಟಿ" ಎಂದ, ಹೆಮ್ಮೆಯಿಂದಲೇ.
ಆಮೇಲೆ ತಾನೇ ಸುಮ್ಮನಾದ.

ನಮ್ಮ ಮನೆಯ ಹಿತ್ತಾಳೆ ತಂಬಿಗೆ ನೆನಪಾಯಿತು.
ಕಂಠದ ಕೆಳಗೆ ಚುಕ್ಕಿಚುಕ್ಕಿ ಬಡಿದ ಅಕ್ಷರ: ಹ. ಗಂಗಮ್ಮ, ಹರಿಹರ.
ಯಾರೋ ಏನೋ. ಮಂಡಿಪೇಟೆಯಲ್ಲಿ ಅವ್ವ
ಹಳೆಯದನ್ನು ತೂಕಕ್ಕೆ ಕೊಂಡದ್ದು.
ನಲವತ್ತು ವರ್ಷ ಗಂಗಮ್ಮನ ನೀರು ಕುಡಿದೆವು.
ಜ್ವರ ಬಂದವರು ಮಲಗಿದಲ್ಲಿಂದಲೇ
ಗಂಗಮ್ಮನ್ನ ಇತ್ತ ತಾ, ಅನ್ನುತ್ತಿದ್ದರು.
ಹಾಗಾದರೆ ತಪ್ಪು ಹೆಸರಿನದಲ್ಲ.
ತಾರೀಖಿನದೇ? ಹೃದಯದ್ದೇ? ಆ ಮೂರು ನಿಮಿಷದ್ದೇ?
ಹಾಳೆಯ ಅಂಚಿನಲ್ಲಿ ಬರೆದು, ಹೊಡೆದುಹಾಕಿದೆ.

ಹದಿನೈದು ದಿನ ಬಿಟ್ಟು ಅದೇ ಗೇಟು, ಮತ್ತೆ ಬಿದ್ದಿದೆ.
ಚೌಡಮ್ಮನ ತಳ್ಳುಗಾಡಿಯ ಸುತ್ತ
ಹಮಾಲರು, ಆಟೋದವರು, ಟ್ಯೂಷನ್ನಿಗೆ ತಡವಾದ ಹುಡುಗರು.
ಎಲ್ಲರ ಕೈಯಲ್ಲೂ ಮರುಳಸಿದ್ಧ, ನಾಗವೇಣಿ.
ಒಬ್ಬ ಹೃದಯದ ಮೇಲೆ ಹೆಬ್ಬೆಟ್ಟಿಟ್ಟು ಚಾ ಆರಿಸುತ್ತಿದ್ದಾನೆ.

"ಎಷ್ಟಕ್ಕೆ ಕೊಟ್ಟ?"
"ಪುಕ್ಕಟೆ ಕಣವ್ವ. ಕಾಗದದ ಲೋಟ ದಿನಕ್ಕೆ ನಾನೂರು ಉಳೀತಾವು.
ಒಂದೇ ಮಾತು ಹೇಳ್ಯಾನ,
ಆ ಹುಡುಗಿ ಮನಿ ಬೀದಿಗೆ ಗಾಡಿ ತಳ್ಳಬ್ಯಾಡ ಅಂತ."

ಹಾಳೆ ತೆಗೆದೆ. ನಾನೂರಕ್ಕೆ ಮನೆ ಸಿಕ್ಕಿತು.
ಆ ಒಂದು ಬೀದಿ ತಪ್ಪಿಸಲು
ದಿನಾ ನಿಟುವಳ್ಳಿ ಸುತ್ತಿ ಬರುವ ಗಾಡಿಯ
ಹೆಚ್ಚಿನ ದೂರವನ್ನು
ಎಲ್ಲಿ ಬರೆಯಲಿ ಎಂದು ಹುಡುಕುತ್ತಿದ್ದೆ,
ಗೇಟು ಎದ್ದಿತು,
ಹಿಂದಿನವರು ಹಾರ್ನು ಹೊಡೆದರು.